ಹಳೆಯ ಡಿವಿಡಿ ಪ್ಲೇಯರ್‌ಗೆ ಫೋನಿನ ವಿಡಿಯೊಗಳು: ಎವಿಐ ಮಾಡಿದರೂ ಏಕೆ ಓಡುತ್ತಿಲ್ಲ?

ಹಳೆ_ರಿಮೋಟ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಯುಎಸ್‌ಬಿ ಕಿಂಡಿ ಇರುವ ಹಳೆಯ ಡಿವಿಡಿ ಪ್ಲೇಯರ್ ಒಂದಿದೆ. ಅದರ ಮುಂಭಾಗದಲ್ಲಿ ‘ಡಿವ್‌ಎಕ್ಸ್’ ಎಂಬ ಮುದ್ರೆ ಇದೆ. ಕೈಪಿಡಿ ಎಂದೋ ಕಳೆದುಹೋಗಿದೆ. ಫೋನಿನಲ್ಲಿ ತೆಗೆದ ಸುಮಾರು ಅರವತ್ತು ವಿಡಿಯೊಗಳನ್ನು ಅದರಲ್ಲೇ ನೋಡುವಂತೆ ಮಾಡಿಕೊಡು ಎಂದು ಅಮ್ಮ ಕೇಳಿದ್ದಾರೆ. ಹೊಸ ಯಂತ್ರ ಕೊಳ್ಳಿ ಎಂಬ ಸಲಹೆಯನ್ನು ದಯವಿಟ್ಟು ಕೊಡಬೇಡಿ, ಏಕೆಂದರೆ ಆ ರಿಮೋಟ್‌ನ ಗುಂಡಿಗಳು ಅವರಿಗೆ ಕತ್ತಲಲ್ಲೂ ಕೈಗೆ ಸಿಗುತ್ತವೆ, ಹೊಸದನ್ನು ಅವರು ಮುಟ್ಟುವುದಿಲ್ಲ.

ಒಂದೇ ವಿಡಿಯೊವನ್ನು ಮೂರು ಸಲ, ಮೂರು ಬಗೆಯಲ್ಲಿ ಎವಿಐಗೆ ಪರಿವರ್ತಿಸಿ ನೋಡಿದೆ. ಮೊದಲನೆಯದನ್ನು ಹಾಕಿದಾಗ ಈ ಫೈಲ್‌ಗೆ ಬೆಂಬಲವಿಲ್ಲ ಎಂಬ ಸಾಲು ಬಂತು. ಎರಡನೆಯದರಲ್ಲಿ ಧ್ವನಿ ಮಾತ್ರ ಕೇಳಿಸಿತು, ಪರದೆ ಕಪ್ಪಾಗಿಯೇ ಇತ್ತು. ಮೂರನೆಯದು ಓಡಿತು, ಆದರೆ ಹತ್ತು ನಿಮಿಷದ ಆ ವಿಡಿಯೊ ಮುಗಿಯುವ ಹೊತ್ತಿಗೆ ತುಟಿಗೂ ಮಾತಿಗೂ ಸಂಬಂಧವೇ ಇರಲಿಲ್ಲ. ಮೂರೂ ಎವಿಐ ಆಗಿರುವಾಗ ಮೂರು ಥರದ ತೊಂದರೆ ಏಕೆ?

ಬಿಡುವಿನ_ವೇಳೆ ಬರೆದದ್ದು:

ಫೈಲ್ ಹೆಸರಿನ ಕೊನೆಯಲ್ಲಿರುವ ಎಂಪಿ4 ಎಂಬುದನ್ನು ಅಳಿಸಿ ಎವಿಐ ಎಂದು ಬರೆದು ನೋಡಿ. ನನ್ನ ಟಿವಿಯಲ್ಲಿ ಒಮ್ಮೆ ಹಾಗೆ ಮಾಡಿದಾಗ ಓಡಿತ್ತು.

ಚೌಕಟ್ಟು ಬರೆದದ್ದು:

ಅದು ಓಡಿದ್ದು ನಿಮ್ಮ ಟಿವಿ ಹೆಸರನ್ನು ಲೆಕ್ಕಿಸದೆ ಒಳಗಿರುವುದನ್ನು ಓದಿದ್ದರಿಂದ. ಹಳೆಯ ಡಿವಿಡಿ ಪ್ಲೇಯರ್‌ನಲ್ಲಿ ಡಬ್ಬಿಯ ಚೀಟಿ ಬದಲಿಸಿದರೆ ಒಳಗಿನ ಸರಕು ಬದಲಾಗುವುದಿಲ್ಲ.

ಹಳೆ_ರಿಮೋಟ್ ಅವರೇ, ನಿಮ್ಮ ಪ್ರಶ್ನೆಯ ಬೇರೂ ಅಲ್ಲಿಯೇ ಇದೆ. ಎವಿಐ ಎನ್ನುವುದು 1992ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಒಂದು ಡಬ್ಬಿ, ಅಂದರೆ ಕಂಟೇನರ್. ಅದರೊಳಗೆ ಚಿತ್ರವನ್ನು ಯಾವ ಕೋಡೆಕ್‌ನಲ್ಲಿ, ಅಂದರೆ ಕುಗ್ಗಿಸಿ ಬಿಡಿಸುವ ಯಾವ ವಿಧಾನದಲ್ಲಿ, ಅಡಕಗೊಳಿಸಿ ತುಂಬಿದ್ದೀರಿ ಎಂಬುದು ಬೇರೆಯೇ ವಿಷಯ. ಡಿವ್‌ಎಕ್ಸ್ ಮುದ್ರೆ ಇರುವ ಪ್ಲೇಯರ್‌ಗೆ ಗೊತ್ತಿರುವುದು 1999ರ ಎಂಪೆಗ್-4 ಭಾಗ 2 ಎಂಬ ಕೋಡೆಕ್. ಡಿವ್‌ಎಕ್ಸ್ ಮತ್ತು ಎಕ್ಸ್‌ವಿಡ್ ಎರಡೂ ಅದೇ ಮನೆತನದವು. ಫೋನುಗಳು ಬಳಸುವುದು 2003ರ ಎಚ್.264 ಅನ್ನು, ಇಲ್ಲವೇ 2013ರ ಎಚ್‌ಇವಿಸಿಯನ್ನು. ಕಂಪ್ಯೂಟರ್ ಆಗಿದ್ದರೆ ಹೊಸ ತಂತ್ರಾಂಶ ಹಾಕಿ ಕಲಿಸಬಹುದಿತ್ತು, ಆದರೆ ಈ ಪ್ಲೇಯರ್‌ನಲ್ಲಿ ಚಿತ್ರವನ್ನು ಬಿಡಿಸುವ ಕೆಲಸ ಚಿಪ್‌ನದು, ಆ ಚಿಪ್ ತಯಾರಾದ ದಿನ ಎಷ್ಟು ಕಲಿತಿತ್ತೋ ಇಂದಿಗೂ ಅಷ್ಟೇ ಬಲ್ಲದು.

ನಿಮ್ಮ ಮೂರೂ ಫೈಲ್‌ಗಳನ್ನು ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ಚಿತ್ರದ ವಿಭಾಗದಲ್ಲಿ ಏನು ಬರೆದಿದೆ ಎಂಬುದನ್ನು ಇಲ್ಲಿ ತಿಳಿಸಿ. ಊಹೆಯ ಮೇಲೆ ಮದ್ದು ಹೇಳುವುದಕ್ಕೆ ನನಗೆ ಇಷ್ಟವಿಲ್ಲ.

ಹಳೆ_ರಿಮೋಟ್ ಬರೆದದ್ದು:

ನೋಡಿದೆ. ಮೊದಲನೆಯದರಲ್ಲಿ ಎಚ್.264 ಎಂದಿದೆ, ಅಳತೆ 1920×1080. ಎರಡನೆಯದು ಎಂಪೆಗ್-4, 720×400. ಕೋಡೆಕ್ ಗುರುತು ಎಂಬಲ್ಲಿ ‘ಎಫ್‌ಎಂಪಿ4’ ಎಂದಿದೆ. ಮೂರನೆಯದೂ ಎಂಪೆಗ್-4, ಅದೇ ಅಳತೆ, ಗುರುತು ‘ಎಕ್ಸ್‌ವಿಡ್’. ಫೋನಿನ ಮೂಲ ಫೈಲ್‌ನಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರಗಳು ಎಂಬುದು) ‘ಬದಲಾಗುವಂಥದ್ದು’ ಎಂದು ತೋರಿಸುತ್ತಿದೆ.

ಚೌಕಟ್ಟು ಬರೆದದ್ದು:

ಈಗ ಮೂರಕ್ಕೂ ಕಾರಣ ಸಿಕ್ಕಿತು. ಮೊದಲನೆಯದು ಹಳೆಯ ಡಬ್ಬಿಯಲ್ಲಿ ಹೊಸ ಕೋಡೆಕ್ ತುಂಬಿದ್ದು. ಅದರ ಕೋಡೆಕ್ಕೂ ಪ್ಲೇಯರ್‌ಗೆ ತಿಳಿಯದು, ಅಳತೆಯೂ ಅದರ ಮಿತಿಯನ್ನು ಮೀರಿದೆ, ಅದನ್ನು ಮರೆತುಬಿಡಿ.

ಎರಡನೆಯದು ನಿಜಕ್ಕೂ ಸರಿಯಾಗಿಯೇ ಇದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಎವಿಐ ಫೈಲ್‌ನ ಆರಂಭದಲ್ಲಿ, ಒಳಗಿರುವ ಚಿತ್ರ ಯಾವ ಬಗೆಯದು ಎಂದು ಸೂಚಿಸುವ ನಾಲ್ಕು ಅಕ್ಷರಗಳ ಗುರುತೊಂದು ಇರುತ್ತದೆ. ಹಳೆಯ ಪ್ಲೇಯರ್ ಚಿತ್ರವನ್ನು ಬಿಡಿಸುವ ಮೊದಲು ಈ ಗುರುತನ್ನು ತನ್ನ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಎಫ್‌ಎಫ್‌ಎಂಪೆಗ್ ತಂತ್ರಾಂಶವೂ, ಅದನ್ನು ಒಳಗಿಟ್ಟುಕೊಂಡ ಹತ್ತಾರು ಪರಿವರ್ತಕಗಳೂ ನೀವು ಬೇರೆ ಹೇಳದಿದ್ದರೆ ಅಲ್ಲಿ ‘ಎಫ್‌ಎಂಪಿ4’ ಎಂದು ಬರೆಯುತ್ತವೆ. ಆ ಹೆಸರು ಪಟ್ಟಿಯಲ್ಲಿ ಇಲ್ಲದ ಕಾರಣ ಪ್ಲೇಯರ್ ಚಿತ್ರವನ್ನು ಕೈಬಿಟ್ಟು, ಗುರುತು ಸಿಕ್ಕ ಧ್ವನಿಯನ್ನು ಮಾತ್ರ ನುಡಿಸುತ್ತದೆ. ಆ ನಾಲ್ಕು ಅಕ್ಷರಗಳನ್ನು ‘ಎಕ್ಸ್‌ವಿಡ್’ ಎಂದೋ ‘ಡಿಎಕ್ಸ್50’ ಎಂದೋ ತಿದ್ದಿದರೆ ಸಾಕು. ಮತ್ತೆ ಎನ್‌ಕೋಡ್ ಮಾಡುವ ಅಗತ್ಯವೂ ಇಲ್ಲ. ಚಿತ್ರವನ್ನೂ ಧ್ವನಿಯನ್ನೂ ಹಾಗೆಯೇ ನಕಲಿಸಿ ಟ್ಯಾಗ್ ಮಾತ್ರ ಬದಲಿಸುವ ಸೌಲಭ್ಯ ಎಫ್‌ಎಫ್‌ಎಂಪೆಗ್‌ನಲ್ಲಿಯೇ ಇದೆ, ಕೆಲವು ಸೆಕೆಂಡುಗಳ ಕೆಲಸ.

ಮೂರನೆಯದೇ ಜನರನ್ನು ಹೆಚ್ಚು ಸತಾಯಿಸುವ ತೊಂದರೆ. ಫೋನು ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತದೆ ಎನ್ನುವುದು ಹೇಳಿಕೆಗೆ ಮಾತ್ರ. ಬೆಳಕು ಕಡಿಮೆಯಾದಾಗ ಅದು ಫ್ರೇಮ್‌ಗಳನ್ನು ಇಳಿಸುತ್ತದೆ. ಎಂಪಿ4 ಡಬ್ಬಿಯಲ್ಲಿ ಪ್ರತಿ ಫ್ರೇಮ್‌ಗೂ ಅದರದೇ ಸಮಯ ಬರೆದಿರುವುದರಿಂದ ಅಲ್ಲಿ ತೊಂದರೆಯಾಗುವುದಿಲ್ಲ. ಎವಿಐಯಲ್ಲಿ ಹಾಗಲ್ಲ, ಇಡೀ ಚಿತ್ರಕ್ಕೆ ಒಂದೇ ವೇಗ, ಪ್ಲೇಯರ್ ಫ್ರೇಮ್‌ಗಳನ್ನು ಎಣಿಸುತ್ತ ಹೋಗುತ್ತದೆ. ಹತ್ತು ನಿಮಿಷಕ್ಕೆ 18,000 ಫ್ರೇಮ್ ಇರಬೇಕಾದಲ್ಲಿ ಫೋನು 17,900 ಮಾತ್ರ ತೆಗೆದಿತ್ತು ಎಂದುಕೊಳ್ಳಿ. ಪರಿವರ್ತಕವು ಆ ಖಾಲಿ ಜಾಗಗಳನ್ನು ತುಂಬದೆ ಸೆಕೆಂಡಿಗೆ 30ರಂತೆ ಪೇರಿಸಿದರೆ, ಧ್ವನಿಗಿಂತ ಮೂರು ಸೆಕೆಂಡಿಗೂ ಹೆಚ್ಚು ಮೊದಲೇ ಚಿತ್ರ ಮುಗಿದುಹೋಗುತ್ತದೆ. ಆರಂಭದಲ್ಲಿ ಎಲ್ಲವೂ ಸರಿಯಾಗಿದ್ದು ಬರಬರುತ್ತ ಅಂತರ ಬೆಳೆಯುವುದೇ ಇದರ ಲಕ್ಷಣ. ಧ್ವನಿಯನ್ನು ಹಿಂದೆ ಮುಂದೆ ಸರಿಸುವುದರಿಂದ ಇದು ವಾಸಿಯಾಗುವುದಿಲ್ಲ. ಪರಿವರ್ತನೆಯ ಹೊತ್ತಿನಲ್ಲಿ ಸ್ಥಿರ ಫ್ರೇಮ್ ರೇಟ್ ಎಂಬ ಆಯ್ಕೆಯನ್ನು ಕಡ್ಡಾಯವಾಗಿ ಕೊಟ್ಟು 30 ಎಂದೋ 25 ಎಂದೋ ನಿಗದಿ ಮಾಡಬೇಕು. ಮೂಲ 30ರದ್ದಾಗಿದ್ದರೆ 30ನ್ನೇ ಉಳಿಸಿಕೊಳ್ಳಿ. 25ಕ್ಕೆ ಇಳಿಸಿದರೆ ಕ್ಯಾಮೆರಾ ಪಕ್ಕಕ್ಕೆ ತಿರುಗುವ ದೃಶ್ಯಗಳು ಕುಂಟುತ್ತವೆ.

ಒಂದೇ_ಸಾಲು ಬರೆದದ್ದು:

ಚೌಕಟ್ಟು ಅವರು ಹೇಳಿದ್ದಕ್ಕೆ ನಾನು ಬಳಸುವ ಅಳತೆಗಳನ್ನು ಸೇರಿಸುತ್ತೇನೆ. ಡಿವ್‌ಎಕ್ಸ್‌ನವರು ಗೃಹ ಪ್ಲೇಯರ್‌ಗಳಿಗೆಂದು ಹಾಕಿದ ಮಿತಿ ಸೆಕೆಂಡಿಗೆ 25 ಫ್ರೇಮ್ ಆದರೆ 720×576, 30 ಆದರೆ 720×480. ಅಗಲ ಪರದೆಯ ವಿಡಿಯೊಗೆ 720×400 ಇಟ್ಟುಕೊಂಡರೆ ಎರಡಕ್ಕೂ ಸಲ್ಲುತ್ತದೆ. ಅಗಲ ಮತ್ತು ಎತ್ತರ ಎರಡೂ 16ರಿಂದ ಭಾಗವಾಗಲಿ, ಇಲ್ಲದಿದ್ದರೆ ಕೆಲವು ಚಿಪ್‌ಗಳು ಅಂಚಿನಲ್ಲಿ ಹಸಿರು ಗೆರೆ ಎಳೆಯುತ್ತವೆ. ಚಿತ್ರಕ್ಕೆ ಸೆಕೆಂಡಿಗೆ 1500ರಿಂದ 2000 ಕಿಲೋಬಿಟ್ ಸಾಕು. ಕ್ವಾರ್ಟರ್ ಪಿಕ್ಸೆಲ್ ಮತ್ತು ಜಿಎಂಸಿ ಎಂಬ ಎರಡು ಆಯ್ಕೆಗಳು ಎಕ್ಸ್‌ವಿಡ್‌ನಲ್ಲಿ ಕಾಣಿಸಿದರೆ ಎರಡನ್ನೂ ಮುಚ್ಚಿಬಿಡಿ. ಹಳೆಯ ಚಿಪ್‌ಗಳು ಮುಗ್ಗರಿಸುವುದು ಬಹುಪಾಲು ಅಲ್ಲಿಯೇ. ಬಿ-ಫ್ರೇಮ್‌ಗಳನ್ನು, ಅಂದರೆ ಹಿಂದಿನ ಮುಂದಿನ ಚಿತ್ರಗಳನ್ನು ನೋಡಿ ಕಟ್ಟುವ ಫ್ರೇಮ್‌ಗಳನ್ನು, ಸೊನ್ನೆ ಮಾಡಿದರೆ ಫೈಲ್ ಕೊಂಚ ದಪ್ಪವಾದೀತು, ತಡವರಿಕೆ ತಪ್ಪುತ್ತದೆ. ಧ್ವನಿ ಎಂಪಿ3ಯಲ್ಲಿರಲಿ, 48 ಕಿಲೋಹರ್ಟ್ಜ್, ಸ್ಟೀರಿಯೊ, ಸ್ಥಿರ ಬಿಟ್‌ರೇಟ್‌ನಲ್ಲಿ 128 ಅಥವಾ 192. ಬದಲಾಗುವ ಬಿಟ್‌ರೇಟ್‌ನ ಎಂಪಿ3ಯನ್ನು ಎವಿಐಯೊಳಗೆ ಇಟ್ಟರೆ ಅಲ್ಲಿಯೂ ತುಟಿ ಮಾತು ಬೇರೆಯಾಗುವ ಕಾಟ ಶುರುವಾಗುತ್ತದೆ.

ಹ್ಯಾಂಡ್‌ಬ್ರೇಕ್ ಎಂಬ ಪರಿವರ್ತಕ ಬಳಸಿ ಎಂದು ಹಳೆಯ ಲೇಖನಗಳು ಹೇಳುತ್ತವೆ. ಅದು 2009ರಲ್ಲಿಯೇ ಎವಿಐಯನ್ನು ಕೈಬಿಟ್ಟಿದೆ, ಹಾಗಾಗಿ ಅದರಲ್ಲಿ ಹುಡುಕುತ್ತ ಕೂರಬೇಡಿ. ಎಫ್‌ಎಫ್‌ಎಂಪೆಗ್‌ನಂತೆ ಆದೇಶ ಟೈಪ್ ಮಾಡುವ ಬದಲು ಕಿಟಕಿಗಳಿರುವ ತಂತ್ರಾಂಶವೇ ಬೇಕೆಂದರೆ ಎವಿಡೆಮಕ್ಸ್ ಇದೆ.

ಸುಟ್ಟ_ತಟ್ಟೆ ಬರೆದದ್ದು:

ನೀವೆಲ್ಲ ಪೆನ್ ಡ್ರೈವ್‌ನ ಹಿಂದೆ ಏಕೆ ಬಿದ್ದಿದ್ದೀರಿ ಎಂಬುದು ನನಗೆ ಅರ್ಥವಾಗುತ್ತಿಲ್ಲ. ಡಿವಿಡಿ ಪ್ಲೇಯರ್ ಎಂಬ ಹೆಸರಿನ ಯಂತ್ರ ಖಚಿತವಾಗಿ ಓಡಿಸುವುದು ಡಿವಿಡಿಯನ್ನು. ಡಿವ್‌ಎಕ್ಸ್ ಎಂಬುದು ತಯಾರಕರು ಮೇಲಿಂದ ಸೇರಿಸಿದ ಉಪಕಾರ, ಒಬ್ಬೊಬ್ಬರದು ಒಂದೊಂದು ಅಳತೆ. ಡಿವಿಡಿ-ವಿಡಿಯೊ ಹಾಗಲ್ಲ, ಎಲ್ಲರೂ ಪಾಲಿಸಲೇಬೇಕಾದ ಕಟ್ಟಳೆ. ಚಿತ್ರ ಎಂಪೆಗ್-2ರಲ್ಲಿ, ಹೆಚ್ಚೆಂದರೆ ಸೆಕೆಂಡಿಗೆ 9.8 ಮೆಗಾಬಿಟ್, ಧ್ವನಿ 48 ಕಿಲೋಹರ್ಟ್ಜ್‌ನಲ್ಲಿ, ಎಸಿ3 (ಡಾಲ್ಬಿ ಧ್ವನಿ) ಆದರೆ ಉತ್ತಮ. ಎಫ್‌ಎಫ್‌ಎಂಪೆಗ್‌ನಲ್ಲಿ ಡಿವಿಡಿಗೆಂದೇ ಸಿದ್ಧಪಡಿಸಿದ ಗುರಿಗಳು ಇವೆ, ಟಿವಿಯ ಎರಡು ಪದ್ಧತಿಗಳಿಗೆ ಒಂದೊಂದು: ಮೂಲ 25 ಫ್ರೇಮ್‌ನದಾದರೆ ಪಾಲ್ (720×576), 30ರದಾದರೆ ಎನ್‌ಟಿಎಸ್‌ಸಿ (720×480). ಒಂದು ಪದ ಕೊಟ್ಟರೆ ಅಳತೆ, ವೇಗ, ಧ್ವನಿ ಎಲ್ಲವೂ ತಾನಾಗಿಯೇ ಸಜ್ಜಾಗುತ್ತವೆ.

ಆದರೆ ಹಾಗೆ ಬಂದ ಫೈಲನ್ನು ಬರೀ ಡೇಟಾ ಡಿಸ್ಕ್ ಮಾಡಿ ಸುಟ್ಟರೆ ಪ್ರಯೋಜನವಿಲ್ಲ. ಡಿವಿಡಿಸ್ಟೈಲರ್‌ನಂಥ ತಂತ್ರಾಂಶದಲ್ಲಿ ಹಾಕಿ, ‘ವಿಡಿಯೊ_ಟಿಎಸ್’ ಫೋಲ್ಡರ್ ಕಟ್ಟಿಸಿ, ಅದರಿಂದ ಡಿಸ್ಕ್ ಮಾಡಬೇಕು. ಸೆಕೆಂಡಿಗೆ 5 ಮೆಗಾಬಿಟ್ ಇಟ್ಟರೆ ಒಂದು ಪದರದ 4.7 ಜಿಬಿ ಡಿಸ್ಕ್‌ನಲ್ಲಿ ಸುಮಾರು ಎರಡು ಗಂಟೆ ಹಿಡಿಸುತ್ತದೆ. ಕಂಪ್ಯೂಟರ್ ಅದೇ ಡಿಸ್ಕನ್ನು 4.37 ಜಿಬಿ ಎಂದು ತೋರಿಸಿದರೆ ಗಾಬರಿಯಾಗಬೇಡಿ, ಅದು ಎಣಿಕೆಯ ಕ್ರಮದ ವ್ಯತ್ಯಾಸ. ಮತ್ತೆ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕ್ ಬೇಡ. ಅದರ ಮೈ ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ವಯಸ್ಸಾದ ಲೇಸರ್‌ಗೆ ಓದಲು ಕಷ್ಟ. ಒಮ್ಮೆ ಮಾತ್ರ ಬರೆಯುವ ಡಿಸ್ಕ್ ತಂದು, ನಿಧಾನ ವೇಗದಲ್ಲಿ ಸುಟ್ಟು, ಫೈನಲೈಸ್ ಮಾಡಲು, ಅಂದರೆ ಬೇರೆ ಪ್ಲೇಯರ್‌ಗಳು ಓದುವಂತೆ ಡಿಸ್ಕನ್ನು ಮುಚ್ಚಲು, ಮರೆಯಬೇಡಿ.

ಒಂದೇ_ಸಾಲು ಬರೆದದ್ದು:

ವಾದ ಒಪ್ಪಿದೆ. ಆದರೆ ಅರವತ್ತು ವಿಡಿಯೊಗಳಿಗೆ ಮುಂದಿನ ತಿಂಗಳು ಇನ್ನೂ ಹತ್ತು ಸೇರಿದರೆ ಮತ್ತೊಂದು ಡಿಸ್ಕ್ ಸುಡಬೇಕು, ಪೆನ್ ಡ್ರೈವ್ ಆದರೆ ಹಾಕಿ ತೆಗೆದರಾಯಿತು.

ಸುಟ್ಟ_ತಟ್ಟೆ ಬರೆದದ್ದು:

ಆಗಲಿ. ಅವರ ಪ್ಲೇಯರ್‌ನ ಯುಎಸ್‌ಬಿ ಕಿಂಡಿ ಕೈಕೊಟ್ಟ ದಿನ ನನ್ನ ಮಾತು ನೆನಪಾಗಲಿ. ಹಾಗೆಂದು ವಿಸಿಡಿಗೆ ಮಾತ್ರ ಹೋಗಬೇಡಿ. 352×288ರ ಚಿತ್ರ, ಸೆಕೆಂಡಿಗೆ 1150 ಕಿಲೋಬಿಟ್; ಗುಂಪಿನಲ್ಲಿ ನಿಂತವರ ಮುಖಗಳೆಲ್ಲ ಚೌಕಚೌಕವಾಗಿ ಕಾಣಿಸುತ್ತವೆ. ಡಿವಿಡಿಯನ್ನೂ ಓದದ ಯಂತ್ರಕ್ಕೆ ಮಾತ್ರ ಅದು ಸರಿ.

ಹಳೆ_ರಿಮೋಟ್ ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ಎರಡನೆಯ ಫೈಲ್‌ನ ಗುರುತನ್ನು ‘ಎಕ್ಸ್‌ವಿಡ್’ ಎಂದು ಬದಲಿಸಿದ ಕೂಡಲೇ ಚಿತ್ರ ಬಂತು. ನಾಲ್ಕು ಅಕ್ಷರಕ್ಕಾಗಿ ಎರಡು ದಿನ ಕಳೆದಿದ್ದೆ ಎನಿಸಿ ನಗು ಬಂತು. ಸ್ಥಿರವಾಗಿ 30 ಫ್ರೇಮ್ ಕೊಟ್ಟು ಮತ್ತೆ ಪರಿವರ್ತಿಸಿದ ಮೇಲೆ ಕೊನೆಯ ಮಾತಿನವರೆಗೂ ತುಟಿ ಕೂಡಿ ಬಂತು.

ಈಗ ಬೇರೆ ಫೈಲ್‌ಗಳಲ್ಲಿ ಬೇರೆ ತೊಡಕುಗಳು. ಫೋನನ್ನು ನಿಲ್ಲಿಸಿ ಹಿಡಿದು ತೆಗೆದವುಗಳಲ್ಲಿ ಜನರು ಅಡ್ಡಡ್ಡ ಉಬ್ಬಿ ಕುಳ್ಳಗೆ ಕಾಣಿಸುತ್ತಾರೆ. ಇತ್ತೀಚಿನ ಫೋನಿನವು ಬಣ್ಣ ತೊಳೆದುಹೋದಂತೆ ಬೂದು ಬೂದಾಗಿವೆ. ಕೆಲವಕ್ಕೆ ನಾನು ಎಸ್‌ಆರ್‌ಟಿ ಕಡತದಲ್ಲಿ ಕನ್ನಡ ಅಡಿಬರಹ ಬರೆದಿದ್ದೆ, ಪ್ಲೇಯರ್ ಅಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ತೋರಿಸುತ್ತದೆ. ಜೊತೆಗೆ ನನ್ನ ಹೊಸ 64 ಜಿಬಿ ಪೆನ್ ಡ್ರೈವ್ ಹಾಕಿದರೆ ಯಂತ್ರಕ್ಕೆ ಏನೂ ಕಾಣಿಸುವುದೇ ಇಲ್ಲ; ಇದುವರೆಗಿನ ಪರೀಕ್ಷೆಯನ್ನೆಲ್ಲ ಹಳೆಯದೊಂದು 4 ಜಿಬಿಯದರಲ್ಲಿ ಮಾಡಿದ್ದೆ.

ಚೌಕಟ್ಟು ಬರೆದದ್ದು:

ಪೆನ್ ಡ್ರೈವ್‌ನಿಂದ ಆರಂಭಿಸೋಣ, ಅದು ಸುಲಭದ್ದು. ದೊಡ್ಡ ಡ್ರೈವ್‌ಗಳು ಅಂಗಡಿಯಿಂದ ಬರುವಾಗಲೇ ಎಕ್ಸ್‌ಫ್ಯಾಟ್ ಎಂಬ, ಫೈಲ್‌ಗಳನ್ನು ಜೋಡಿಸಿಡುವ ವಿನ್ಯಾಸದಲ್ಲಿರುತ್ತವೆ. ಅದು 2006ರದ್ದು, ನಿಮ್ಮ ಪ್ಲೇಯರ್ ಕೇಳಿರುವುದು ಫ್ಯಾಟ್32 ಒಂದನ್ನೇ. ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿ ಬಹುಕಾಲದಿಂದ 32 ಜಿಬಿಗಿಂತ ದೊಡ್ಡದಕ್ಕೆ ಫ್ಯಾಟ್32 ಆಯ್ಕೆಯನ್ನೇ ಕೊಡುತ್ತಿರಲಿಲ್ಲ, ಆದ್ದರಿಂದ 8 ಅಥವಾ 16 ಜಿಬಿಯದನ್ನು ಇಟ್ಟುಕೊಳ್ಳುವುದು ನೆಮ್ಮದಿ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ನಮ್ಮ ಬಿಟ್‌ರೇಟ್‌ನಲ್ಲಿ ಅಷ್ಟು ದೊಡ್ಡದಾಗಲು ನಾಲ್ಕು ಗಂಟೆಯ ವಿಡಿಯೊ ಬೇಕು, ಹಾಗಾಗಿ ಆ ಚಿಂತೆ ಬೇಡ.

ನಿಂತ ವಿಡಿಯೊದ ವಿಷಯ. ಪರಿವರ್ತಕ ಅದನ್ನು ಹಿಗ್ಗಿಸಿ 720×400ರಲ್ಲಿ ತುರುಕಿದೆ. ಅದನ್ನು ಅನುಪಾತ ಕೆಡದಂತೆ 224×400ಕ್ಕೆ ಇಳಿಸಿ, ಎರಡೂ ಬದಿಗೆ ಕಪ್ಪು ಪಟ್ಟಿ ಸೇರಿಸಿ 720 ಅಗಲ ತುಂಬಿಸಬೇಕು. ಚಿತ್ರ ಸಣ್ಣದಾಗುತ್ತದೆ, ಅದಕ್ಕೆ ಮದ್ದಿಲ್ಲ. ಅದೇ ಚಿತ್ರವನ್ನು ಮಸುಕಾಗಿಸಿ ಬದಿಗಳಿಗೆ ಹರಡುವ ಅಲಂಕಾರ ಈಗ ಎಲ್ಲೆಡೆ ಕಾಣುತ್ತದೆ. ನನಗೆ ಅದು ಹಿಡಿಸುವುದಿಲ್ಲ. ರುಚಿಯ ಮಾತು ಹಾಗಿರಲಿ, ಕಪ್ಪು ಪಟ್ಟಿಗೆ ಬಿಟ್‌ಗಳು ಹೆಚ್ಚುಕಡಿಮೆ ಖರ್ಚಾಗುವುದೇ ಇಲ್ಲ, ಅಲುಗಾಡುವ ಮಸುಕು ಮಾತ್ರ ಮುಖಗಳಿಗೆ ಸಿಗಬೇಕಾದ ಪಾಲನ್ನು ತಿನ್ನುತ್ತದೆ.

ಬಣ್ಣ ತೊಳೆದುಹೋಗಿರುವುದು ಎಚ್‌ಡಿಆರ್‌ನ ಕೆಲಸ. ಹೊಸ ಫೋನು 10 ಬಿಟ್‌ಗಳಲ್ಲಿ, ವಿಶಾಲವಾದ ಬಣ್ಣ ಮತ್ತು ಹೊಳಪಿನ ವ್ಯಾಪ್ತಿಯಲ್ಲಿ ಚಿತ್ರೀಕರಿಸಿದೆ. ಹಳೆಯ ಕೋಡೆಕ್‌ಗೆ ಇರುವುದು 8 ಬಿಟ್. ಅಂಕಿಗಳನ್ನು ಹಾಗೆಯೇ ಇಳಿಸಿಬಿಟ್ಟರೆ ಟಿವಿ ಅವನ್ನು ಸಾಧಾರಣ ಚಿತ್ರವೆಂದು ತಿಳಿದು ಬೂದಾಗಿ ತೋರಿಸುತ್ತದೆ. ಎಫ್‌ಎಫ್‌ಎಂಪೆಗ್‌ನಲ್ಲಿ ಇದಕ್ಕೆಂದೇ ಟೋನ್‌ಮ್ಯಾಪ್ ಎಂಬ ಫಿಲ್ಟರ್ ಇದೆ, ಅದನ್ನು ಹಾಯಿಸಿದ ಮೇಲೆ ಅಳತೆ ತಗ್ಗಿಸಿ. ಮುಂದಿನ ವಿಡಿಯೊಗಳಿಗಾದರೆ ಫೋನಿನ ಕ್ಯಾಮೆರಾದಲ್ಲಿ ಎಚ್‌ಡಿಆರ್ ಆಫ್ ಮಾಡಿಬಿಡುವುದೇ ಸರಳ.

ಅಡಿಬರಹಕ್ಕೆ ಬೇರೆ ದಾರಿಯೇ ಇಲ್ಲ, ಚಿತ್ರದ ಮೇಲೆಯೇ ಅಚ್ಚೊತ್ತಬೇಕು. ಆ ಕಾಲದ ಪ್ಲೇಯರ್‌ಗಳೊಳಗಿನ ಅಕ್ಷರಶೈಲಿಯಲ್ಲಿ ಸಾಮಾನ್ಯವಾಗಿ ರೋಮನ್ ಲಿಪಿ ಮತ್ತು ಅದರ ನಂಟರಷ್ಟೇ ಇರುತ್ತಾರೆ. ಕನ್ನಡದ ಅಕ್ಷರಗಳು ಇದ್ದಿದ್ದರೂ ಒತ್ತಕ್ಷರವನ್ನು ಅದರ ಜಾಗದಲ್ಲಿ ಕೂರಿಸುವ ಜಾಣತನ ಅದಕ್ಕಿಲ್ಲ. ‘ಅಕ್ಕ’ ಎಂದು ಬರೆದರೆ ‘ಅಕ್‌ಕ’ ಎಂದು ತೋರಿಸೀತು. ಎಫ್‌ಎಫ್‌ಎಂಪೆಗ್‌ನ ಸಬ್‌ಟೈಟಲ್ಸ್ ಫಿಲ್ಟರ್‌ಗೆ ಒಳ್ಳೆಯ ಕನ್ನಡ ಫಾಂಟ್ ಹೇಳಿಕೊಟ್ಟರೆ ಒತ್ತು, ದೀರ್ಘ ಎಲ್ಲ ಸರಿಯಾಗಿ ಮೂಡುತ್ತವೆ. ಟಿವಿ ಕೊಳವೆಯದಾಗಿದ್ದರೆ ಸಾಲುಗಳನ್ನು ಅಂಚಿನಿಂದ ಸ್ವಲ್ಪ ಮೇಲಕ್ಕಿಡಿ, ಏಕೆಂದರೆ ಆ ಟಿವಿಗಳು ಚಿತ್ರದ ನಾಲ್ಕೂ ಅಂಚುಗಳನ್ನು ಕೊಂಚ ನುಂಗುತ್ತವೆ.

ಮೂಲಪ್ರತಿ ಬರೆದದ್ದು:

ಪರಿವರ್ತನೆ ಮುಗಿಯಿತೆಂದು ಫೋನಿನ ಫೈಲ್‌ಗಳನ್ನು ಅಳಿಸಬೇಡಿ ಎಂದು ಹೇಳಲು ಬಂದೆ. 1920×1080ರ ಒಂದು ಫ್ರೇಮ್‌ನಲ್ಲಿ ಇಪ್ಪತ್ತು ಲಕ್ಷಕ್ಕೂ ಮೀರಿದ ಚುಕ್ಕೆಗಳಿವೆ, 720×400ರಲ್ಲಿ ಇರುವುದು 2,88,000. ಏಳರಲ್ಲಿ ಆರು ಪಾಲು ಹೋಯಿತು, ಮತ್ತೆ ದೊಡ್ಡದು ಮಾಡಿದರೆ ಬರುವುದಿಲ್ಲ. ಎವಿಐ ಎನ್ನುವುದು ನೋಡುವ ಪ್ರತಿ, ಇಡುವ ಪ್ರತಿಯಲ್ಲ. ಇನ್ನೊಂದು ಸಂಗತಿ, ಚಿತ್ರೀಕರಣದ ದಿನಾಂಕ ಎಂಪಿ4 ಒಳಗೆ ಬರೆದಿರುತ್ತದೆ, ಎವಿಐ ಮಾಡುವಾಗ ಅದು ಸಾಮಾನ್ಯವಾಗಿ ಉಳಿಯುವುದಿಲ್ಲ. ಆದ್ದರಿಂದ ಫೈಲ್ ಹೆಸರಿನಲ್ಲಿಯೇ ವರ್ಷ, ತಿಂಗಳು, ದಿನವನ್ನು ಅಂಕಿಗಳಲ್ಲಿ ಬರೆಯಿರಿ. ಹೆಸರನ್ನು ರೋಮನ್ ಅಕ್ಷರಗಳಲ್ಲೇ ಚಿಕ್ಕದಾಗಿ ಇಡಿ. ಅಡಿಬರಹಕ್ಕೆ ಬಂದ ಗತಿಯೇ ಹೆಸರಿಗೂ ಬರುತ್ತದೆ. ಕೆಲವು ಯಂತ್ರಗಳು ಹೆಸರಿನ ಕ್ರಮವನ್ನೂ ನೋಡುವುದಿಲ್ಲ, ಯಾವುದು ಮೊದಲು ಡ್ರೈವ್‌ಗೆ ಬಂತೋ ಅದನ್ನೇ ಮೊದಲು ತೋರಿಸುತ್ತವೆ. ಅಂಥದ್ದಾದರೆ ಒಂದೊಂದಾಗಿ ಕ್ರಮದಲ್ಲಿ ನಕಲಿಸಬೇಕು.

ಒಂದೇ_ಸಾಲು ಬರೆದದ್ದು:

ಅರವತ್ತನ್ನೂ ಒಟ್ಟಿಗೆ ಓಡಿಸುವ ಮೊದಲು ಒಂದು ಮಾತು. ಪ್ರತಿ ಬಗೆಯಿಂದಲೂ, ಅಂದರೆ ಅಡ್ಡ, ನಿಂತ, ಎಚ್‌ಡಿಆರ್, ಅಡಿಬರಹದ್ದು, ಒಂದೊಂದನ್ನು ಆರಿಸಿ ಒಂದು ನಿಮಿಷದ ತುಣುಕು ಮಾಡಿ ಪ್ಲೇಯರ್‌ನಲ್ಲಿ ನೋಡಿ. ಕಂಪ್ಯೂಟರ್‌ನಲ್ಲಿ ನೋಡಿ ಸರಿ ಇದೆ ಎಂದುಕೊಳ್ಳಬೇಡಿ, ಅಲ್ಲಿ ಎಲ್ಲವೂ ಓಡುತ್ತದೆ. ಧ್ವನಿಯ ಅಂತರವನ್ನು ಮಾತ್ರ ತುಣುಕಿನಲ್ಲಿ ಹಿಡಿಯಲಾಗದು, ಅದಕ್ಕೆ ಉದ್ದದ ಒಂದು ವಿಡಿಯೊ ಪೂರ್ತಿ ಬೇಕು.

ಹಳೆ_ರಿಮೋಟ್ ಬರೆದದ್ದು:

ಹಾಗೆಯೇ ಮಾಡಿದೆ. ನಾಲ್ಕು ತುಣುಕುಗಳಲ್ಲಿ ಮೂರು ಮೊದಲ ಸಲಕ್ಕೇ ಒಪ್ಪಿದವು. ಅಡಿಬರಹದ್ದನ್ನು ಎರಡು ಸಲ ಮೇಲಕ್ಕೆ ಸರಿಸಬೇಕಾಯಿತು. ರಾತ್ರಿ ಪೂರ್ತಿ ಕಂಪ್ಯೂಟರ್ ಓಡಿಸಿಟ್ಟು, ಬೆಳಿಗ್ಗೆ ಎದ್ದು 16 ಜಿಬಿಯ ಪೆನ್ ಡ್ರೈವ್‌ಗೆ ದಿನಾಂಕದ ಕ್ರಮದಲ್ಲಿ ತುಂಬಿದೆ. ಅರವತ್ತರಲ್ಲಿ ಒಂದು ಮಾತ್ರ ತಡವರಿಸುತ್ತಿತ್ತು. ನೋಡಿದರೆ ಅದು 60 ಫ್ರೇಮ್‌ನದು, ನಾನು ಆ ಒಂದಕ್ಕೆ 30 ಎಂದು ಕೊಡುವುದನ್ನು ಮರೆತಿದ್ದೆ.

ಅಮ್ಮ ನೋಡಲು ಕುಳಿತ ಮೇಲೆ ಒಂದೇ ಒಂದು ದೂರು. ಉದ್ದದ ಎರಡು ವಿಡಿಯೊಗಳಲ್ಲಿ ಮುಂದಕ್ಕೆ ಓಡಿಸುವ ಗುಂಡಿ ಒತ್ತಿದರೆ ಚಿತ್ರ ಎಲ್ಲೋ ದೂರಕ್ಕೆ ಹಾರುತ್ತದೆಯಂತೆ, ಬೇಕಾದ ಜಾಗದಲ್ಲಿ ನಿಲ್ಲಿಸಲು ಆಗುವುದಿಲ್ಲವಂತೆ. ಆ ಎರಡನ್ನು ನಾನು ಎವಿಡೆಮಕ್ಸ್‌ನಲ್ಲಿ ಮಾಡಿದ್ದೆ, ಉಳಿದವು ಎಫ್‌ಎಫ್‌ಎಂಪೆಗ್‌ನವು.

ಚೌಕಟ್ಟು ಬರೆದದ್ದು:

ಪ್ಲೇಯರ್ ಹಾರಿ ಇಳಿಯುವುದು ಪೂರ್ಣ ಚಿತ್ರವಿರುವ ಕೀಫ್ರೇಮ್‌ಗಳ ಮೇಲೆ ಮಾತ್ರ. ಆ ಎರಡರಲ್ಲಿ ಗರಿಷ್ಠ ಅಂತರ 250 ಅಥವಾ 300 ಫ್ರೇಮ್ ಎಂದು ಉಳಿದುಕೊಂಡಿರಬೇಕು. 30ರ ವೇಗದಲ್ಲಿ 300 ಎಂದರೆ ಹತ್ತು ಸೆಕೆಂಡಿಗೊಂದು ಮೆಟ್ಟಿಲು. ಅದನ್ನು 60 ಮಾಡಿ, ಎರಡು ಸೆಕೆಂಡಿಗೊಂದು ಸಿಗುತ್ತದೆ. ಫೈಲ್ ಸ್ವಲ್ಪ ಬೆಳೆಯಬಹುದು.

ಹಳೆ_ರಿಮೋಟ್ ಬರೆದದ್ದು:

300 ಎಂದೇ ಇತ್ತು. 60 ಮಾಡಿ ಮತ್ತೆ ಓಡಿಸಿದ್ದೇನೆ, ಮೊದಲನೆಯದು ಮುಗಿದಿದೆ. ರಿಮೋಟ್ ಈಗ ಅಮ್ಮನ ಕೈಯಲ್ಲಿದೆ. ಇನ್ನೊಂದು ಯಾವಾಗ ಆಗುತ್ತದೆ ಎಂದು ಆಗಲೇ ಎರಡು ಸಲ ಕೇಳಿದ್ದಾರೆ.